ನಾಲಗೆಯಡಿಯ ಗುಳಿಗೆ

ಊರಿನಿಂದ ಮಕ್ಕಳ ಮನೆಗೆ ಹೊರಟ ಹಿರಿಯರ ಕೈಚೀಲದಲ್ಲಿ ಏನೇನಿರುತ್ತದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಎಲೆಯಡಿಕೆಯ ಸಂಚಿ, ಪಂಚಾಂಗ, ಮಾವಿನ ಮಿಡಿಯ ಭರಣಿ, ಮೊಮ್ಮಕ್ಕಳಿಗೆಂದು ಕರಿದ ಚಕ್ಕುಲಿ. ಇವುಗಳ ಸಂದಿಯಲ್ಲಿ ಈಚೆಗೆ ಇನ್ನೊಂದು ಸಾಮಾನೂ ಸೇರಿಕೊಂಡಿದೆ. ಅದು ಹುರುಳಿಕಾಳಿನಷ್ಟು ಚಿಕ್ಕ ಗುಳಿಗೆಗಳ ಒಂದು ಪಟ್ಟಿ. ಅದೇನೆಂದು ಕೇಳಿದರೆ, "ಎದೆನೋವಿಗೆಂದು ಡಾಕ್ಟರು ಕೊಟ್ಟದ್ದು, ಬೇಕಾಗಲಿಕ್ಕಿಲ್ಲ" ಎಂಬ ಉತ್ತರ ಬರುತ್ತದೆ. ಬೇಕಾಗದಿರಲಿ ಎಂಬುದೇ ನಮ್ಮೆಲ್ಲರ ಹಾರೈಕೆ. ಆದರೆ ಬೇಕಾದ ಹೊತ್ತಿಗೆ ಅದನ್ನು ಹೇಗೆ ಬಳಸಬೇಕೆಂಬುದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಡವೆ?

ನಾವು ವೈದ್ಯರಲ್ಲ, ಸರಕಾರದ ಕಡತಗಳ ನಡುವೆ ದಿನ ಕಳೆಯುವವರು. ಆದ್ದರಿಂದ ಇಲ್ಲಿ ಬರೆಯುವುದು ಚಿಕಿತ್ಸೆಯ ಉಪದೇಶವಲ್ಲ. ವೈದ್ಯರು ಹೇಳಿ ಕಳುಹಿಸಿದ್ದನ್ನು ಮನೆಮಂದಿ ಮರೆಯದಿರಲೆಂದು ಒಟ್ಟುಮಾಡಿದ ಮಾತು, ಅಷ್ಟೆ. ನಮ್ಮ ಉಳ್ಳೂರಿನ ಮಟ್ಟಿಗೆ ಒಂದು ಭಾಗ್ಯವಿದೆ. 1951ರಲ್ಲಿ ಆರಂಭವಾದ ಮೆಡಿಕಲ್ ಕಾಲೇಜು ಹತ್ತಿರದಲ್ಲೇ ಇದೆ. ಅದರ ಪಕ್ಕದಲ್ಲಿ, 1980ರಲ್ಲಿ ಸಂಸತ್ತಿನ ಶಾಸನದಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯೆನಿಸಿದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಇದೆ. ಡಾ. ಎಂ. ಎಸ್. ವಲಿಯತ್ತಾನರ ನೇತೃತ್ವದಲ್ಲಿ ನಮ್ಮ ದೇಶದ್ದೇ ಆದ ಹೃದಯದ ಕವಾಟ ಸಿದ್ಧವಾಗಿ, 1990ರಲ್ಲಿ ಮೊದಲ ಬಾರಿ ರೋಗಿಯೊಬ್ಬರಿಗೆ ಅಳವಟ್ಟದ್ದು ಈ ಸಂಸ್ಥೆಯಲ್ಲಿಯೇ. ಆ ಮಹನೀಯರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾನಿಲಯಕ್ಕೆ ವೈಸ್ ಚಾನ್ಸಲರಾಗಿ ಬಂದುದನ್ನು ದಕ್ಷಿಣ ಕನ್ನಡದವರು ಬಲ್ಲರು. ಆದರೆ ಎಷ್ಟು ದೊಡ್ಡ ಆಸ್ಪತ್ರೆ ಎಷ್ಟೇ ಹತ್ತಿರವಿದ್ದರೂ ಎದೆನೋವಿನ ಮೊದಲ ಐದು ನಿಮಿಷ ಮನೆಯವರ ಕೈಯಲ್ಲಿಯೇ ಇರುತ್ತದೆ. ಆ ಐದು ನಿಮಿಷಕ್ಕಾಗಿಯೇ ಈ ಲೇಖನ.

ಮೊದಲು ರೋಗದ ಮಾತು. ಮೈಗೆಲ್ಲ ನೆತ್ತರನ್ನು ಒತ್ತಿ ಕಳುಹಿಸುವ ಹೃದಯಕ್ಕೂ ತನ್ನ ಕೆಲಸಕ್ಕೆ ನೆತ್ತರು ಬೇಕು. ಅದನ್ನು ತರುವ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದಾಗ, ಸುಮ್ಮನೆ ಕುಳಿತಿರುವಷ್ಟು ಹೊತ್ತು ಹೇಗೋ ನಡೆಯುತ್ತದೆ. ಏರು ಹತ್ತಿದಾಗ, ಭಾರ ಎತ್ತಿದಾಗ, ಸಿಟ್ಟು ಬಂದಾಗ, ಹೊಟ್ಟೆ ಬಿರಿಯ ಉಂಡು ನಡೆದಾಗ, ಬೇಕಾದಷ್ಟು ನೆತ್ತರು ಸಾಲದೆ ಹೃದಯ ನೊಂದುಕೊಳ್ಳುತ್ತದೆ. ಇದೇ ಹೃದಯಶೂಲೆ. ಡಾಕ್ಟರರ ಮಾತಿನಲ್ಲಿ ಆಂಜೈನಾ. 1768ರಲ್ಲಿ ಲಂಡನ್ನಿನ ವಿಲಿಯಂ ಹೆಬರ್ಡನ್ ಎಂಬ ವೈದ್ಯರು ಇದರ ಲಕ್ಷಣಗಳನ್ನು ಮೊದಲು ಸ್ಪಷ್ಟವಾಗಿ ವಿವರಿಸಿ, ನಡೆಯುವಾಗ ಬರುವುದು, ನಿಂತರೆ ಹೋಗುವುದು ಎಂದು ಗುರುತಿಸಿದರು. ನೋವು ಚುಚ್ಚಿದಂತಿರುವುದು ಕಡಿಮೆ. ಎದೆಯ ಮೇಲೆ ಕಲ್ಲು ಹೇರಿದಂತೆ, ಹಗ್ಗದಿಂದ ಬಿಗಿದಂತೆ ಇರುವುದು ಹೆಚ್ಚು. ಎಡಗೈಗೆ, ದವಡೆಗೆ, ಕುತ್ತಿಗೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೂ ಅದು ಹರಡಬಹುದು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿಯ ಏದುಸಿರು, ಬೆವರು, ಓಕರಿಕೆ, ವಿಪರೀತ ಆಯಾಸ ಇಷ್ಟೇ ಕಾಣಿಸಿಕೊಳ್ಳುವುದೂ ಉಂಟು. "ವಾಯು ಇರಬೇಕು, ಸ್ವಲ್ಪ ಜೀರಿಗೆ ಕಷಾಯ ಮಾಡು" ಎಂದು ತಾಯಂದಿರು ಮಲಗಿಬಿಡುವುದು ಇಂಥ ಹೊತ್ತಿನಲ್ಲಿಯೇ.

ಇನ್ನು ಗುಳಿಗೆಯ ಮಾತು. ಇದರ ಮೂಲದ ಕಥೆ ಯಾರಿಗಾದರೂ ಬೆರಗು ತರುವಂಥದು. 1847ರಲ್ಲಿ ಇಟಲಿಯ ಟ್ಯೂರಿನ್ ನಗರದ ಅಸ್ಕಾನಿಯೋ ಸೊಬ್ರೆರೋ ಎಂಬ ರಸಾಯನಶಾಸ್ತ್ರಜ್ಞ ನೈಟ್ರೋಗ್ಲಿಸರಿನ್ ಎಂಬ ಎಣ್ಣೆಯಂಥ ದ್ರವವನ್ನು ಮೊದಲು ತಯಾರಿಸಿದ. ಅದು ಭಯಂಕರವಾಗಿ ಸಿಡಿಯುವ ವಸ್ತು. ಅದನ್ನು ನಾಲಗೆಗೆ ತಾಗಿಸಿ ನೋಡಿದಾಗ ತಲೆ ಸಿಡಿಯುವಂಥ ನೋವು ಬರುವುದೆಂದು ಅವನೇ ಬರೆದಿಟ್ಟ. ಅದೇ ದ್ರವವನ್ನು ಪಳಗಿಸಿ ಆಲ್ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟಿಗೆ ಪೇಟೆಂಟು ಪಡೆದ. ಇತ್ತ 1879ರಲ್ಲಿ ಲಂಡನ್ನಿನ ಡಾ. ವಿಲಿಯಂ ಮರೆಲ್ ಅದರ ಅತ್ಯಲ್ಪ ಪ್ರಮಾಣವನ್ನು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿ, ಬಳಿಕ ರೋಗಿಗಳಿಗೆ ಕೊಟ್ಟು, ಹೃದಯಶೂಲೆಗೆ ಇದು ಮದ್ದೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಧಿಯ ವಿನೋದ ನೋಡಿ: ಬಾಳಿನ ಕೊನೆಗೆ ನೊಬೆಲನಿಗೂ ಹೃದಯದ ಕಾಯಿಲೆ ಬಂದು, 1896ರಲ್ಲಿ ವೈದ್ಯರು ಅವನಿಗೆ ಬರೆದುಕೊಟ್ಟದ್ದು ಅದೇ ನೈಟ್ರೋಗ್ಲಿಸರಿನನ್ನು! ಜನ ಹೆದರದಿರಲೆಂದು ಔಷಧಕ್ಕೆ ಬೇರೆ ಹೆಸರಿಟ್ಟಿದ್ದಾರೆಂದು ಅವನು ಗೆಳೆಯನಿಗೆ ಕಾಗದ ಬರೆದ. ನೂರು ವರ್ಷ ಕಳೆದ ಮೇಲೆ, ಈ ಮದ್ದು ಮೈಯೊಳಗೆ ಬಿಡುಗಡೆ ಮಾಡುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೇ ರಕ್ತನಾಳಗಳನ್ನು ಸಡಿಲಿಸುವುದೆಂಬ ಸಂಗತಿಯ ಸುತ್ತಲಿನ ಶೋಧಗಳಿಗಾಗಿ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮ್ಯುರಾಡ್ ಎಂಬ ಮೂವರಿಗೆ ಆ ನೊಬೆಲನ ಹೆಸರಿನ ಬಹುಮಾನವೇ ದೊರೆಯಿತು.

ಗುಳಿಗೆಯಲ್ಲಿರುವುದು ಮಿಲಿಗ್ರಾಮಿನ ಲೆಕ್ಕದ ಅಂಶ. ಅದು ಸಿಡಿಯುವುದಿಲ್ಲ, ಹೆದರಬೇಕಾಗಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಕೈಗೆ ಬರುವುದು ಇದರ ದಾಯಾದಿಯಾದ ಐಸೋಸಾರ್ಬೈಡ್ ಡೈನೈಟ್ರೇಟ್. ಸಾರ್ಬಿಟ್ರೇಟ್ ಎಂಬ ಹೆಸರಿನಲ್ಲಿ ಹೆಚ್ಚು ಜನ ಬಲ್ಲರು. ಎರಡರ ಕೆಲಸವೂ ಒಂದೇ ಬಗೆಯದು. ಮೈಯ ಸಿರೆಗಳು ಸಡಿಲವಾಗಿ ಹೃದಯಕ್ಕೆ ಮರಳುವ ನೆತ್ತರಿನ ಹೊರೆ ತಗ್ಗುತ್ತದೆ, ಹೃದಯದ ನಾಳಗಳೂ ಒಂದಿಷ್ಟು ಅಗಲವಾಗುತ್ತವೆ. ಹೊರೆ ಇಳಿದ ಎತ್ತು ಉಸಿರು ಬಿಡುವಂತೆ ಹೃದಯ ಉಸಿರು ಬಿಡುತ್ತದೆ. ಆದರೆ ಕಟ್ಟಿಕೊಂಡ ಕೊಬ್ಬನ್ನು ಇದು ಕರಗಿಸುವುದಿಲ್ಲ. ನೋವು ಹೋಯಿತೆಂದು ರೋಗ ಹೋಯಿತೆಂದು ತಿಳಿಯತಕ್ಕದ್ದಲ್ಲ.

ಬಳಸುವ ಕ್ರಮ ಹೀಗೆ. ನೋವು ತೋರಿದೊಡನೆ ಮಾಡುತ್ತಿದ್ದ ಕೆಲಸ ಬಿಟ್ಟು ಕುಳಿತುಕೊಳ್ಳಬೇಕು. ನಿಂತುಕೊಂಡು ಗುಳಿಗೆ ಹಾಕಿಕೊಳ್ಳಬಾರದು. ರಕ್ತದೊತ್ತಡ ತಟ್ಟನೆ ಇಳಿದು, ಕಣ್ಣು ಕತ್ತಲೆಯಿಟ್ಟು ಬೀಳುವ ಸಂಭವವಿದೆ. ಎದೆಯ ಕಾಯಿಲೆಗಿಂತ ಬಿದ್ದು ಮುರಿದ ಸೊಂಟವೇ ಹಿರಿಯರಿಗೆ ಹೆಚ್ಚು ಸಂಕಟ ತರಬಹುದು. ವಾಹನ ನಡೆಸುತ್ತಿದ್ದರೆ ಬದಿಗೆ ನಿಲ್ಲಿಸಬೇಕು. ಗುಳಿಗೆಯನ್ನು ನಾಲಗೆಯ ಅಡಿಯಲ್ಲಿಟ್ಟು ಕರಗಲು ಬಿಡಬೇಕು, ನುಂಗಬಾರದು. ನುಂಗಿದರೆ ಅದು ಹೊಟ್ಟೆಯಿಂದ ಯಕೃತ್ತಿಗೆ ಹೋಗಿ, ಅಲ್ಲಿಯೇ ಬಹುಪಾಲು ಶಕ್ತಿ ಕಳೆದುಕೊಳ್ಳುತ್ತದೆ, ನಿಧಾನವೂ ಆಗುತ್ತದೆ. ನಾಲಗೆಯಡಿಯ ತೆಳುಪೊರೆಯಿಂದಾದರೋ ನೇರವಾಗಿ ನೆತ್ತರಿಗೆ ಸೇರಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ವಯಸ್ಸಾದವರಿಗೆ ಬಾಯಿ ಒಣಗಿರುವುದು ಸಾಮಾನ್ಯ. ಒಣ ಬಾಯಿಯಲ್ಲಿ ಗುಳಿಗೆ ಕರಗದು, ಆದ್ದರಿಂದ ಮೊದಲು ಒಂದು ಗುಟುಕು ನೀರಿನಿಂದ ಬಾಯಿ ತೇವ ಮಾಡಿಕೊಳ್ಳಬೇಕು. ಕರಗುವ ತನಕ ನೀರು, ಕಾಫಿ, ಎಲೆಯಡಿಕೆ ಯಾವುದೂ ಬೇಡ. ಕೆಲವರಿಗೆ ವೈದ್ಯರು ಬಾಯಿಗೆ ಸಿಂಪಡಿಸಿಕೊಳ್ಳುವ ಔಷಧ ಕೊಟ್ಟಿರುತ್ತಾರೆ. ಅದನ್ನು ಉಸಿರಿನೊಡನೆ ಒಳಗೆಳೆದುಕೊಳ್ಳಬಾರದು.

ಇಲ್ಲಿ ಗಡಿಯಾರ ನೋಡುವುದು ಬಹು ಮುಖ್ಯ. ಕಛೇರಿಯಲ್ಲಿ ಕಾಗದ ಬಂದ ವೇಳೆಯನ್ನು ದಾಖಲು ಮಾಡುವಂತೆ ಗುಳಿಗೆ ಇಟ್ಟ ವೇಳೆಯನ್ನು ಬರೆದಿಡಿ. 5 ನಿಮಿಷಗಳಲ್ಲಿ ನೋವು ಇಳಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ಹೆಚ್ಚಾದರೆ, ಕೂಡಲೆ 108 ಅಥವಾ 112ಕ್ಕೆ ಕರೆ ಮಾಡಬೇಕು. ಮೂರು ಗುಳಿಗೆ ಮುಗಿದ ಮೇಲೆ ಆಸ್ಪತ್ರೆಯ ಯೋಚನೆ ಎಂಬ ಹಿಂದಿನ ರೂಢಿ ಈಗಿಲ್ಲ. ಮೊದಲನೆಯದಕ್ಕೆ ಬಗ್ಗದ ನೋವು ಹೃದಯಾಘಾತವಿರಬಹುದೆಂದೇ ತಿಳಿಯಬೇಕು. ಆಂಬುಲೆನ್ಸ್ ಬರುವ ತನಕ, ವೈದ್ಯರು ಮೊದಲೇ ಹಾಗೆ ಹೇಳಿದ್ದರೆ ಮಾತ್ರ, 5 ನಿಮಿಷಕ್ಕೊಂದರಂತೆ ಎರಡನೆಯದನ್ನೂ ಮೂರನೆಯದನ್ನೂ ಇಡಬಹುದು. ಒಟ್ಟು 3ನ್ನು ಮೀರಕೂಡದು. ತಲೆ ಸುತ್ತಿದರೆ, ಮೈ ತಣ್ಣಗಾದರೆ, ಮತ್ತೊಂದನ್ನು ಕೊಡಕೂಡದು. ಮಲಗಿಸಿ ಕಾಲನ್ನು ದಿಂಬಿನ ಮೇಲೆ ಎತ್ತಿಡಬೇಕು. ಕಾಯಿಲೆಯವರೇ ಸ್ಕೂಟರು ಏರಿ ಆಸ್ಪತ್ರೆಗೆ ಹೊರಡುವುದಂತೂ ಎಂದಿಗೂ ಕೂಡದು.

ಗುಳಿಗೆಯಿಂದ ತಲೆ ಸಿಡಿಯುವುದು, ಮುಖ ಬಿಸಿಯಾಗುವುದು ಸಹಜ. ಸೊಬ್ರೆರೋ ಮಹಾಶಯನ ಅನುಭವವೂ ಅದೇ ಅಲ್ಲವೆ? ತಲೆನೋವು ಬಂತೆಂದು ಗುಳಿಗೆಯನ್ನೇ ತ್ಯಜಿಸುವವರಿದ್ದಾರೆ. ವೈದ್ಯರಿಗೆ ತಿಳಿಸಿದರೆ ಪ್ರಮಾಣ ತಗ್ಗಿಸುವ, ಇಲ್ಲವೆ ತಲೆನೋವಿಗೆ ಬೇರೆ ಉಪಾಯ ಹೇಳುವ ದಾರಿಯಿದೆ. ಹೇಳದೆ ಬಿಡುವುದು ಸರಿಯಲ್ಲ.

ಇನ್ನು ಬಹು ಮುಖ್ಯವಾದ ಮಾತು: ಒಬ್ಬರ ಗುಳಿಗೆ ಇನ್ನೊಬ್ಬರಿಗಲ್ಲ. ನಮ್ಮವರ ಉಪಕಾರಬುದ್ಧಿ ದೊಡ್ಡದು. ಸಂಘದ ಊಟದ ಪಂಕ್ತಿಯಲ್ಲಿ ಯಾರಾದರೂ ಎದೆ ಹಿಡಿದುಕೊಂಡರೆ, "ನನ್ನ ಹತ್ತಿರ ಇದೆ, ತಕ್ಕೊಳ್ಳಿ" ಎಂದು ನಾಲ್ಕು ಕೈ ಮುಂದೆ ಬರುತ್ತವೆ. ಮೊಬೈಲಿನಲ್ಲಿ ಬರುವ ಸಂದೇಶಗಳೂ ಹಾಗೆಯೇ ಬೋಧಿಸುತ್ತವೆ. ಆದರೆ ರಕ್ತದೊತ್ತಡ ಮೊದಲೇ ಕುಸಿದಿರುವವರಿಗೆ, ಹೃದಯದ ಬಲಭಾಗಕ್ಕೆ ಆಘಾತವಾದವರಿಗೆ, ಹೃದಯದ ಮಹಾಕವಾಟ ಕಿರಿದಾದವರಿಗೆ ಈ ಗುಳಿಗೆ ಪ್ರಾಣಕ್ಕೇ ಸಂಚಕಾರ ತರಬಹುದು. ಪಂಕ್ತಿಯಲ್ಲಿ ಕುಳಿತು ಇದನ್ನು ಗುರುತಿಸುವುದು ಯಾರಿಂದ ಸಾಧ್ಯ? ಎಂದೂ ಹೃದ್ರೋಗವೆಂದು ಗೊತ್ತಾಗಿರದವರಿಗೆ ಎದೆನೋವು ಬಂದರೆ ಅವರಿಗೆ ಬೇಕಾದದ್ದು ನೆರೆಯವರ ಗುಳಿಗೆಯಲ್ಲ, ಆಂಬುಲೆನ್ಸು. ಇನ್ನೊಂದು ಸಂಗತಿ. ಗುಳಿಗೆಯಿಂದ ನೋವು ಹೋದರೆ ಹೃದಯದ್ದೇ, ಹೋಗದಿದ್ದರೆ ಹೃದಯದ್ದಲ್ಲ ಎಂಬ ಪರೀಕ್ಷೆಯೂ ಸಲ್ಲದು. ಅನ್ನನಾಳದ ಸೆಳೆತವೂ ಇದರಿಂದ ಸಡಿಲವಾಗುವುದುಂಟು.

ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಮಾತೊಂದಿದೆ. ಪುರುಷರು ಗುಟ್ಟಾಗಿ ಕೊಳ್ಳುವ ಕೆಲವು ಗುಳಿಗೆಗಳಿವೆ. ಸಿಲ್ಡೆನಾಫಿಲ್, ಟಡಾಲಫಿಲ್ ಎಂದು ಅವುಗಳ ಹೆಸರು. ಇವು ಮತ್ತು ಎದೆನೋವಿನ ಗುಳಿಗೆ ಎರಡೂ ಒಂದೇ ದಾರಿಯಲ್ಲಿ ರಕ್ತನಾಳಗಳನ್ನು ಸಡಿಲಿಸುವುದರಿಂದ, ಕೂಡಿದರೆ ರಕ್ತದೊತ್ತಡ ಪಾತಾಳಕ್ಕಿಳಿದು ಪ್ರಾಣ ಹೋಗಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ಕಳೆಯುವ ಮೊದಲು ನಾಲಗೆಯಡಿಯ ಗುಳಿಗೆ ಇಡಕೂಡದು. ಶ್ವಾಸಕೋಶದ ರಕ್ತದೊತ್ತಡಕ್ಕೆಂದು ಇವೇ ಔಷಧಗಳನ್ನು ಹೆಂಗಸರಿಗೂ ಬರೆಯುವುದುಂಟು. ಆಸ್ಪತ್ರೆಯಲ್ಲಿ ಕೇಳಿದಾಗ ಮಗಳ ಎದುರಿಗೆ, ಸೊಸೆಯ ಎದುರಿಗೆ ನಾಚಿ ಮರೆಮಾಚಬಾರದು. ಡಾಕ್ಟರರನ್ನು ಬಳಿಗೆ ಕರೆದು ಕಿವಿಯಲ್ಲಿ ಹೇಳಿದರೂ ಸಾಕು. ಮಾನ ಉಳಿಸಲು ಹೋಗಿ ಪ್ರಾಣ ಕಳೆದುಕೊಂಡರೆ ಅದರಲ್ಲಿ ಜಾಣತನವೇನಿದೆ? ಮದ್ಯವೂ ಇದರೊಡನೆ ಸಲ್ಲದು.

ಇಡುವ ಬಗೆಯೂ ಮುಖ್ಯ. ನಮಗೆ ಪರಿಚಿತರಾದ ಹಿರಿಯರೊಬ್ಬರಿಗೆ ಮಗ ವಿದೇಶದಿಂದ ನೈಟ್ರೋಗ್ಲಿಸರಿನ್ ಗುಳಿಗೆಗಳ ಕಂದು ಸೀಸೆಯನ್ನು ತಂದುಕೊಟ್ಟಿದ್ದ. ಸೀಸೆ ಭಾರವೆಂದು ಅವರು ಗುಳಿಗೆಗಳನ್ನೆಲ್ಲ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಗೆ ಸುರಿದು, ಅಲುಗಾಡದಿರಲೆಂದು ಮೇಲೆ ಹತ್ತಿ ತುರುಕಿ, ಮಳೆಗಾಲವೆಲ್ಲ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ನೋವು ಬಂದ ದಿನ ಗುಳಿಗೆ ಕರಗಿತು, ನೋವು ಕರಗಲಿಲ್ಲ. ಮಗಳು ತಡಮಾಡದೆ ಆಂಬುಲೆನ್ಸಿಗೆ ಕರೆದದ್ದರಿಂದ ಅವರು ಉಳಿದರು. ಆದದ್ದೇನೆಂದರೆ, ನೈಟ್ರೋಗ್ಲಿಸರಿನ್ ಕರ್ಪೂರದಂತೆ ಆವಿಯಾಗಿ ಹೋಗುವ ವಸ್ತು. ಪ್ಲಾಸ್ಟಿಕ್ಕೂ ಹತ್ತಿಯೂ ಅದನ್ನು ಹೀರಿಕೊಳ್ಳುತ್ತವೆ. ಉಳಿಯುವುದು ಬರಿಯ ಗುಳಿಗೆಯ ಆಕಾರ. ಆದ್ದರಿಂದ ಸೀಸೆಯ ಗುಳಿಗೆ ಸೀಸೆಯಲ್ಲಿಯೇ, ಮುಚ್ಚಳ ಬಿಗಿಯಾಗಿ ಇರಬೇಕು. ಸೀಸೆ ಒಡೆದ ತಾರೀಖನ್ನು ಅದರ ಮೇಲೆ ಬರೆದು, ಚೀಟಿಯಲ್ಲಿ ಹೇಳಿದ ಅವಧಿ ಕಳೆದೊಡನೆ ಹೊಸದನ್ನು ತರಬೇಕು. ಪಟ್ಟಿಯ ಗುಳಿಗೆಯನ್ನು ಬೇಕಾದಾಗಲೇ ಬಿಡಿಸಬೇಕು. ಒಲೆಯ ಮೇಲಿನ ಗೂಡು, ಬಚ್ಚಲುಮನೆ, ಬಿಸಿಲಲ್ಲಿ ನಿಂತ ಕಾರು, ಮೈಗೆ ಅಂಟಿದ ಜೇಬು ಯಾವುದೂ ತಕ್ಕ ಜಾಗವಲ್ಲ. ಇಲ್ಲಿಯ ಎರಡು ಮಳೆಗಾಲಗಳ ತೇವ ಹಪ್ಪಳವನ್ನೇ ಬಿಡದು, ಗುಳಿಗೆಯನ್ನು ಬಿಟ್ಟೀತೆ?

ದಿನವೂ ನುಂಗುವ ದೀರ್ಘಾವಧಿಯ ನೈಟ್ರೇಟ್ ಗುಳಿಗೆಗಳು ಬೇರೆ. ಅವು ನೋವು ಬಾರದಂತೆ ತಡೆಯಲು, ಬಂದ ನೋವನ್ನು ಆ ಕ್ಷಣಕ್ಕೆ ಇಳಿಸಲು ಅಲ್ಲ. ಇವುಗಳಿಗೆ ಮೈ ಬೇಗ ಒಗ್ಗಿಕೊಳ್ಳುತ್ತದೆ. ಸಿಡಿಮದ್ದಿನ ಕಾರ್ಖಾನೆಗಳಲ್ಲಿ ನೈಟ್ರೋಗ್ಲಿಸರಿನ್ ಮುಟ್ಟುವ ಕೆಲಸಗಾರರಿಗೆ ಸೋಮವಾರ ತಲೆ ಸಿಡಿದು, ವಾರದ ನಡುವೆ ಅಭ್ಯಾಸವಾಗಿ, ಭಾನುವಾರದ ರಜೆ ಕಳೆದು ಮತ್ತೆ ಸೋಮವಾರ ಸಿಡಿಯುತ್ತಿತ್ತೆಂದು ಪಾಶ್ಚಾತ್ಯ ವೈದ್ಯರು ಗುರುತಿಸಿದ್ದರು. ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ ಕಳೆದ ಶತಮಾನದ ಆರಂಭದಲ್ಲಿ ತೆರೆದ ಕಾರ್ಡೈಟ್ ಕಾರ್ಖಾನೆ ಇದೆಯಲ್ಲ, ಆ ಕಾರ್ಡೈಟಿನ ಒಂದು ಮುಖ್ಯ ಭಾಗವೂ ಇದೇ ನೈಟ್ರೋಗ್ಲಿಸರಿನ್. ಮೈ ಒಗ್ಗಿಕೊಂಡರೆ ಮದ್ದು ನಾಟುವುದಿಲ್ಲ. ಅದಕ್ಕಾಗಿಯೇ ವೈದ್ಯರು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಬರೆದು ರಾತ್ರಿಯನ್ನು ಬರಿದಾಗಿ ಬಿಡುವುದುಂಟು. "ದಿನಕ್ಕೆರಡು ತಾನೆ" ಎಂದು ಬೆಳಿಗ್ಗೆಯೊಂದು ರಾತ್ರಿಯೊಂದು ಮಾಡಿಕೊಳ್ಳುವುದು ಆ ಲೆಕ್ಕವನ್ನೇ ಕೆಡಿಸಿದಂತೆ. ತಾನಾಗಿಯೇ ತಟ್ಟನೆ ನಿಲ್ಲಿಸುವುದೂ ಅಪಾಯ.

ಪರಊರಿನಲ್ಲಿರುವ ನಮಗೆ ಪ್ರಯಾಣದ ಎಚ್ಚರವೂ ಬೇಕು. ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಮಂಗಳೂರಿಗೋ ಐಲೆಂಡ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೋ ಹೋಗುವಾಗ ಗುಳಿಗೆ ಸೀಟಿನಡಿಯ ಪೆಟ್ಟಿಗೆಯಲ್ಲಿರಬಾರದು, ಕೈಗೆಟುಕುವ ಚೀಲದಲ್ಲಿರಬೇಕು. ಅದು ಎಲ್ಲಿದೆಯೆಂದು ಜೊತೆಯವರಿಗೆ ತಿಳಿದಿರಬೇಕು. ರೈಲಿನಲ್ಲಿ ನೋವು ಬಂದರೆ 139ಕ್ಕೆ ಕರೆ ಮಾಡಿ ಟಿಕೆಟು ತಪಾಸಣೆಯವರಿಗೂ ತಿಳಿಸಬೇಕು. ಶಬರಿಮಲೆಗೆಂದು ಊರಿನಿಂದ ಬರುವ ನೆಂಟರಿಗೆ, ಪಂಪೆಯಿಂದ ಹತ್ತುವಾಗ ನೀಲಿಮಲೆ, ಅಪ್ಪಾಚಿಮೇಡುಗಳ ಏರು ಹೃದಯಕ್ಕೆ ದೊಡ್ಡ ಪರೀಕ್ಷೆಯೆಂದು ಮೊದಲೇ ಹೇಳಿ. ಆ ಎರಡೂ ಕಡೆ ಯಾತ್ರೆಯ ಕಾಲದಲ್ಲಿ ಹೃದ್ರೋಗ ಚಿಕಿತ್ಸೆಯ ಕೇಂದ್ರಗಳಿರುತ್ತವೆ. ಏರು ಹತ್ತುವ ಮೊದಲು ಒಂದು ಗುಳಿಗೆ ಇಟ್ಟುಕೊಳ್ಳಿ ಎಂದು ವೈದ್ಯರು ಕೆಲವರಿಗೆ ಹೇಳುವುದುಂಟು. ಹೇಳಿಸಿಕೊಂಡವರು ಹಾಗೆ ಮಾಡಲಿ. ಹೇಳಿಸಿಕೊಳ್ಳದವರು ಹೊರಡುವ ಮೊದಲು ಕೇಳಲಿ.

ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುವುದು ಮಲೆಯಾಳ ಬಾರದ ಅಜ್ಜ ಅಜ್ಜಿಯರು. ಅವರಿಗೆ ನಾಲ್ಕು ಮಾತು ಕಲಿಸಿಡುವುದು ದೊಡ್ಡ ಕೆಲಸವಲ್ಲ. 'ನೆಂಜುವೇದನ' ಎಂದರೆ ಎದೆನೋವು. ನೆಂಜೆಂದರೆ ನಮ್ಮ ನಂಜಲ್ಲ, ಎದೆ. 'ಶ್ವಾಸಂಮುಟ್ಟಲ್' ಎಂದರೆ ಉಸಿರುಕಟ್ಟುವುದು. 'ತಲಕರಕ್ಕಂ' ಎಂದರೆ ತಲೆಸುತ್ತು. ಗುಳಿಗೆಗೆ ಅವರೂ ಹೆಚ್ಚುಕಡಿಮೆ ಗುಳಿಗ ಎಂದೇ ಅನ್ನುತ್ತಾರೆ, ಅಷ್ಟು ನೆಂಟಸ್ತನ ನಮ್ಮ ಭಾಷೆಗಳಿಗಿದೆ. ಪಕ್ಕದ ಮನೆಯ ಚೇಚಿಗೆ ಈ ಒಂದು ಮಾತು ಕೇಳಿಸಿದರೆ ಮಿಕ್ಕಿದ್ದನ್ನು ಅವರು ನೋಡಿಕೊಳ್ಳುತ್ತಾರೆ. ಈ ಊರಿನ ನೆರೆಹೊರೆಯ ಒಳ್ಳೆಯತನವನ್ನು ನಮ್ಮಲ್ಲಿ ಅನುಭವಿಸದವರು ಯಾರು?

ನೋವು ಮೊದಲಿಗಿಂತ ಹೆಚ್ಚು ಸಲ ಬರತೊಡಗಿದರೆ, ಕಡಿಮೆ ಶ್ರಮಕ್ಕೇ ಬಂದರೆ, ಸುಮ್ಮನಿದ್ದಾಗಲೋ ನಿದ್ದೆಯಲ್ಲೋ ಬಂದರೆ, ಗುಳಿಗೆ ಇದೆಯಲ್ಲ ಎಂದು ಕುಳಿತುಕೊಳ್ಳದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹಬ್ಬ ಮುಗಿಯಲಿ, ಮಗ ರಜೆಗೆ ಬರಲಿ, ಪರೀಕ್ಷೆ ಕಳೆಯಲಿ ಎಂದು ಮುಂದೂಡುವುದು ನಮ್ಮ ತಾಯಂದಿರ ಹಳೆಯ ಅಭ್ಯಾಸ. ಮನೆಯವರಿಗೆ ತೊಂದರೆಯಾಗದಿರಲೆಂಬ ಆ ಪ್ರೀತಿಯೇ ಮನೆಗೆ ದೊಡ್ಡ ತೊಂದರೆ ತರುತ್ತದೆ.

ಕೊನೆಯದಾಗಿ ಒಂದು ವಿನಂತಿ. ಒಂದು ಅಂಗೈಯಗಲದ ಕಾಗದದಲ್ಲಿ ಗುಳಿಗೆಯ ಹೆಸರು, ಪ್ರಮಾಣ, ಗುಳಿಗೆ ಇರುವ ಜಾಗ, ತೆಗೆದುಕೊಳ್ಳುವ ಬೇರೆ ಔಷಧಗಳು, ಒಗ್ಗದ ಔಷಧಗಳು, ವೈದ್ಯರ ಹೆಸರು, ಮಕ್ಕಳ ದೂರವಾಣಿ, ಜೊತೆಗೆ 108 ಇಷ್ಟನ್ನೂ ಕನ್ನಡದಲ್ಲಿ, ಮಲೆಯಾಳದಲ್ಲಿ, ಇಂಗ್ಲಿಷಿನಲ್ಲಿ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿಡಿ. ಬರೆಯುವ ಕೆಲಸವನ್ನು ಮಕ್ಕಳಿಗೆ ಕೊಡಿ. ಕನ್ನಡ ಅಕ್ಷರವೂ ಉಳಿದೀತು, ಅಜ್ಜನ ಗುಳಿಗೆ ಎಲ್ಲಿದೆಯೆಂಬುದೂ ತಿಳಿದೀತು. ಇಡೀ ಕೆಲಸಕ್ಕೆ ಹತ್ತು ನಿಮಿಷ ಸಾಕು. ಇಂದು ಸಂಜೆಯೇ ಆಗಲಿ.